ಬಾಗಿಲ ಹಿಡಿಯಿಂದ ಗಗನಚುಂಬಿಯವರೆಗೆ: ಇಟಲಿಯ ಮನೆಗಳಿಗೆ ಹೊಸ ರೂಪ ಕೊಟ್ಟ ಜಿಯೊ ಪೊಂಟಿ

ಹಳೆಯ ಪೀಠೋಪಕರಣಗಳ ಹರಾಜು ಪಟ್ಟಿಗಳ ಮೇಲೆ ಕಣ್ಣಾಡಿಸುವವರಿಗೆ ಒಂದು ಹೆಸರು ಪದೇ ಪದೇ ಎದುರಾಗುತ್ತದೆ. 1950ರ ದಶಕದ ಇಟಲಿ, ಹಿತ್ತಾಳೆ, ಮುಂಬಾಗಿಲ ಬಳಿ ಇಡುವ ಕೋಟ್ ಸ್ಟ್ಯಾಂಡ್, ಛತ್ರಿ ಸ್ಟ್ಯಾಂಡ್, ಗೋಡೆಗನ್ನಡಿ ಎಂಬ ವಿವರಗಳ ಪಕ್ಕದಲ್ಲೇ ಜಿಯೊ ಪೊಂಟಿ ಎಂಬ ಹೆಸರು ಇರುತ್ತದೆ. ಎಷ್ಟೋ ಸಲ ಆ ವಸ್ತುವನ್ನು ಪೊಂಟಿ ವಿನ್ಯಾಸ ಮಾಡಿರುವುದೇ ಇಲ್ಲ. ಪೊಂಟಿ ಶೈಲಿಯದ್ದು ಎಂದಷ್ಟೇ ಮಾರುವವರು ಬರೆದಿರುತ್ತಾರೆ. ಆದರೂ ಆ ಹೆಸರು ಅಂಟಿಕೊಂಡ ಕೂಡಲೇ ವಸ್ತುವಿನ ಬೆಲೆ ಏರುತ್ತದೆ.

ಒಳ್ಳೆಯ ವಸ್ತು ಮಧ್ಯಮ ವರ್ಗದ ಮನೆಗೂ ಸಿಗಬೇಕು ಎಂದು ಜೀವನವಿಡೀ ಹಟ ಹಿಡಿದಿದ್ದ ಮನುಷ್ಯನ ಹೆಸರು ಇಂದು ದುಬಾರಿ ಸಂಗ್ರಹಗಳ ಮೊಹರಾಗಿದೆ. ಈ ವಿಪರ್ಯಾಸ ಅರ್ಥವಾಗಬೇಕಾದರೆ ಮಿಲಾನ್ ನಗರದ ಈ ವಾಸ್ತುಶಿಲ್ಪಿಯ ಬದುಕನ್ನು ಮೊದಲಿನಿಂದ ನೋಡಬೇಕು.

ಚಿತ್ರಕಾರನಾಗಬೇಕೆಂದಿದ್ದ ಹುಡುಗ

ಜಿಯೊವಾನಿ ಪೊಂಟಿ ಹುಟ್ಟಿದ್ದು 1891ರ ನವೆಂಬರ್ 18ರಂದು, ಮಿಲಾನ್‌ನಲ್ಲಿ. ಜಿಯೊ ಎಂಬುದು ಆ ಹೆಸರಿನ ಮೊಟಕು ರೂಪ. ಜಗತ್ತು ಅವರನ್ನು ಹಾಗೆಯೇ ಕರೆಯಿತು. ಹುಡುಗನಿಗೆ ಚಿತ್ರ ಬರೆಯುವ ಆಸೆ. ಮನೆಯವರಿಗೆ ಮಗ ಸಂಬಳ ಬರುವ ವಿದ್ಯೆ ಕಲಿಯಲಿ ಎಂಬ ಆಸೆ. ಕೊನೆಗೆ ಎರಡೂ ಒಂದಿಷ್ಟು ಕೂಡುವ ದಾರಿಯಾಗಿ ಮಿಲಾನ್ ಪಾಲಿಟೆಕ್ನಿಕ್‌ನಲ್ಲಿ ವಾಸ್ತುಶಿಲ್ಪದ ಓದು ಶುರುವಾಯಿತು.

ಓದು ಮುಗಿಯುವ ಮೊದಲೇ ಮೊದಲ ಮಹಾಯುದ್ಧ ಬಂತು. 1916ರಿಂದ 1918ರವರೆಗೆ ಪೊಂಟಿ ಸೈನ್ಯದಲ್ಲಿದ್ದರು. ನದಿಗಳ ಮೇಲೆ ತಾತ್ಕಾಲಿಕ ಸೇತುವೆ ಕಟ್ಟುವ ದಳದಲ್ಲಿ ಕ್ಯಾಪ್ಟನ್ ಆಗಿ ಕೆಲಸ ಮಾಡಿ, ಶೌರ್ಯಕ್ಕಾಗಿ ಕಂಚಿನ ಪದಕವನ್ನೂ ಪಡೆದರು. ವೆನೆಟೊ ಪ್ರಾಂತ್ಯದಲ್ಲಿದ್ದ ಆ ದಿನಗಳಲ್ಲಿ 16ನೇ ಶತಮಾನದ ವಾಸ್ತುಶಿಲ್ಪಿ ಪಲ್ಲಾಡಿಯೊ ಕಟ್ಟಿದ ಮನೆಗಳನ್ನು ಅವರು ಹತ್ತಿರದಿಂದ ಕಂಡರು. ಹಳೆಯ ಇಟಲಿಯ ಮೇಲಿನ ಅವರ ಪ್ರೀತಿಗೆ ಅದೇ ಬುನಾದಿ.

1921ರಲ್ಲಿ ಪದವಿ ಕೈಗೆ ಬಂತು. ಅದೇ ವರ್ಷ ಜೂಲಿಯಾ ವಿಮೆರ್ಕಾಟಿ ಅವರೊಂದಿಗೆ ಮದುವೆಯೂ ಆಯಿತು. ಮುಂದೆ ದಂಪತಿಗೆ ನಾಲ್ವರು ಮಕ್ಕಳಾದರು.

ಪಿಂಗಾಣಿ ಕಾರ್ಖಾನೆಯಲ್ಲಿ ಮೊದಲ ಗೆಲುವು

ಪೊಂಟಿಗೆ ಮೊದಲು ಹೆಸರು ತಂದಿದ್ದು ಕಟ್ಟಡವಲ್ಲ, ತಟ್ಟೆ ಮತ್ತು ಹೂದಾನಿ. 1923ರಲ್ಲಿ ಅವರು ರಿಚರ್ಡ್ ಜಿನೋರಿ ಎಂಬ ಹಳೆಯ ಪಿಂಗಾಣಿ ಕಂಪನಿಯ ಕಲಾ ನಿರ್ದೇಶಕರಾದರು. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗುವ ವಸ್ತುವೂ ಚೆಂದವಾಗಿರಬಹುದು ಎಂಬುದನ್ನು ಅಲ್ಲಿ ಮಾಡಿ ತೋರಿಸಿದರು. 1925ರ ಪ್ಯಾರಿಸ್ ಪ್ರದರ್ಶನದಲ್ಲಿ ಅವರ ಪಿಂಗಾಣಿಗೆ ಅತ್ಯುನ್ನತ ಬಹುಮಾನ ಸಿಕ್ಕಿತು. ಅದೇ ಹೊತ್ತಿಗೆ ಮಿಲಾನ್‌ನ ರಾಂದಾಚೊ ಬೀದಿಯಲ್ಲಿ ತಮ್ಮ ಮೊದಲ ಮನೆಯನ್ನೂ ಅವರು ಕಟ್ಟಿದರು.

ಅಲ್ಲಿಂದ ಮುಂದೆ ಅವರ ಗುರಿ ಸ್ಪಷ್ಟವಾಯಿತು. 1927ರಲ್ಲಿ ಎಮಿಲಿಯೊ ಲಾಂಚಿಯಾ ಜತೆ ಸೇರಿ, ಲಾ ರಿನಾಶೆಂತೆ ಎಂಬ ಮಿಲಾನ್‌ನ ದೊಡ್ಡ ಮಳಿಗೆಗಾಗಿ ಕೈಗೆಟುಕುವ ಬೆಲೆಯ ಪೀಠೋಪಕರಣಗಳನ್ನು ರೂಪಿಸಿದರು. ಶ್ರೀಮಂತರಿಗೆ ಬಡಗಿ ಇದ್ದಾನೆ, ಗುಮಾಸ್ತನಿಗೂ ಮೇಷ್ಟ್ರಿಗೂ ಯಾರಿದ್ದಾರೆ ಎಂಬುದು ಆ ಪ್ರಯತ್ನದ ಹಿಂದಿದ್ದ ಪ್ರಶ್ನೆ.

ಮನೆ ಎಂಬ ಹೆಸರಿನ ಪತ್ರಿಕೆ

1928ರ ಜನವರಿಯಲ್ಲಿ ಪೊಂಟಿ ಸಂಪಾದಕತ್ವದಲ್ಲಿ ‘ಡೋಮಸ್’ ಪತ್ರಿಕೆ ಆರಂಭವಾಯಿತು. ಲ್ಯಾಟಿನ್ ಭಾಷೆಯಲ್ಲಿ ಡೋಮಸ್ ಎಂದರೆ ಮನೆ. ಅದು ಬರೀ ವಾಸ್ತುಶಿಲ್ಪಿಗಳ ಪತ್ರಿಕೆಯಾಗಿರಲಿಲ್ಲ. ಅಡುಗೆಮನೆ, ಕಿಟಕಿ, ಹೂದೋಟ, ದೀಪ, ಬಾಗಿಲು, ಊಟದ ಮೇಜು ಎಲ್ಲವೂ ಅದರಲ್ಲಿ ಚರ್ಚೆಯ ವಿಷಯಗಳೇ. ನಡುವೆ 1941ರಿಂದ 1947ರವರೆಗೆ ‘ಸ್ಟೀಲೆ’ ಎಂಬ ಇನ್ನೊಂದು ಪತ್ರಿಕೆ ನಡೆಸಿದ್ದು ಬಿಟ್ಟರೆ, ಸಾಯುವವರೆಗೂ ಡೋಮಸ್ ಅವರ ಕೈಯಲ್ಲೇ ಇತ್ತು. ಆ ಪತ್ರಿಕೆ ಇಂದಿಗೂ ಪ್ರಕಟವಾಗುತ್ತಿದೆ.

ಇಟಲಿಯ ಮನೆ ಹೇಗಿರಬೇಕು ಎಂಬ ಬಗ್ಗೆ ಪೊಂಟಿಗೆ ಖಚಿತ ನಿಲುವಿತ್ತು. 1933ರಲ್ಲಿ ಅದೇ ವಿಷಯದ ಮೇಲೆ ಪುಸ್ತಕವನ್ನೂ ತಂದರು. ಮನೆಯನ್ನು ಯಂತ್ರದಂತೆ ಕಾಣುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಮನೆಯ ಒಳಗೂ ಹೊರಗೂ ಬೆಳಕು, ಗಾಳಿ ಹರಿದಾಡಬೇಕು. ಸೌಕರ್ಯದ ಜತೆ ಮನಸ್ಸಿಗೆ ಹಿತವೂ ಇರಬೇಕು ಎಂಬುದು ಅವರ ವಾದ. ಹಾಗಾಗಿ ಬಾಗಿಲು ದಾಟಿದ ಕೂಡಲೇ ಸಿಗುವ ಪುಟ್ಟ ಜಾಗವನ್ನೂ ಅವರು ಕಡೆಗಣಿಸಲಿಲ್ಲ. ಕೋಟು ತೂಗುಹಾಕುವ, ನೆನೆದ ಛತ್ರಿ ಇಡುವ, ಕನ್ನಡಿಯಲ್ಲಿ ಒಮ್ಮೆ ಮುಖ ನೋಡಿಕೊಳ್ಳುವ ಆ ನಾಲ್ಕಡಿ ಜಾಗವೇ ಬಂದವರಿಗೆ ಮನೆಯ ಮೊದಲ ಪರಿಚಯ.

1930ರ ದಶಕದ ಆರಂಭದಲ್ಲಿ ಪೊಂಟಿ ಫೊಂಟಾನಾ ಆರ್ಟೆ ಎಂಬ ಗಾಜಿನ ಕಂಪನಿಯೊಂದಿಗೆ ಕೈಜೋಡಿಸಿದರು. ದೀಪ, ಕನ್ನಡಿ, ಗಾಜಿನ ಮೇಜುಗಳು ಅಲ್ಲಿ ತಯಾರಾದವು. ಲೋಹದ ಶಂಕುವಿನ ಮೇಲೆ ಗಾಜಿನ ಗೋಳವನ್ನು ಕೂರಿಸಿದ ಬಿಲಿಯಾ ಎಂಬ ಟೇಬಲ್ ದೀಪ ಆ ಕಾಲದ್ದೇ.

ಸರ್ವಾಧಿಕಾರಿಯ ಕಾಲ

ಪೊಂಟಿ ಬದುಕಿನ ಈ ಭಾಗ ಅಷ್ಟು ಸರಳವಲ್ಲ. 1930ರ ದಶಕದಲ್ಲಿ ಇಟಲಿ ಮುಸೊಲಿನಿಯ ಹಿಡಿತದಲ್ಲಿತ್ತು. ದೊಡ್ಡ ಕೆಲಸಗಳೆಲ್ಲ ಸರ್ಕಾರದಿಂದ ಇಲ್ಲವೇ ಸರ್ಕಾರಕ್ಕೆ ಹತ್ತಿರದವರಿಂದ ಬರುತ್ತಿದ್ದವು. ಮಿಲಾನ್‌ನ ಉದ್ಯಾನದಲ್ಲಿ 1933ರಲ್ಲಿ ಎದ್ದ ಉಕ್ಕಿನ ಗೋಪುರ, ರೋಮ್ ವಿಶ್ವವಿದ್ಯಾಲಯದ ಗಣಿತ ಶಾಲೆ, ಪಾದೊವಾ ವಿಶ್ವವಿದ್ಯಾಲಯದ ಕಟ್ಟಡಗಳು ಪೊಂಟಿ ಕೈಯಿಂದ ಬಂದವು. ಪಾದೊವಾದ ಮೆಟ್ಟಿಲ ಗೋಡೆಗಳಿಗೆ ಅವರೇ ಚಿತ್ರ ಬರೆದರು. ಆಡಳಿತದ ಜತೆ ಜಗಳಕ್ಕಿಳಿಯದೆ ಕೆಲಸ ಮಾಡಿಕೊಂಡು ಹೋದವರ ಸಾಲಿನಲ್ಲಿ ಅವರೂ ಇದ್ದರು.

ಆ ದಿನಗಳಲ್ಲಿ ಲೋಹಕ್ಕೂ ರಾಜಕೀಯ ಅಂಟಿಕೊಂಡಿತ್ತು. 1935ರಲ್ಲಿ ಇಟಲಿ ಇಥಿಯೋಪಿಯಾದ ಮೇಲೆ ದಾಳಿ ಮಾಡಿದಾಗ ರಾಷ್ಟ್ರಸಂಘ ನಿರ್ಬಂಧ ಹೇರಿತು. ಸ್ವಾವಲಂಬನೆಯೇ ಮಂತ್ರವೆಂದು ಸರ್ಕಾರ ಸಾರಿತು. ತಾಮ್ರ ಹೊರಗಿನಿಂದ ಬರಬೇಕಾದ ಲೋಹ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ದೇಶದಲ್ಲೇ ತಯಾರಾಗುವ ಅಲ್ಯೂಮಿನಿಯಂಗೆ ಆಗ ಎಲ್ಲಿಲ್ಲದ ಗೌರವ ಬಂತು. 1936ರಿಂದ 1938ರ ನಡುವೆ ಪೊಂಟಿ ಮಿಲಾನ್‌ನಲ್ಲಿ ಕಟ್ಟಿದ ಮೊಂಟೆಕಾಟಿನಿ ಕಂಪನಿಯ ಕಚೇರಿಯಲ್ಲಿ ಕಿಟಕಿಯಿಂದ ಕುರ್ಚಿಯವರೆಗೆ ಅಲ್ಯೂಮಿನಿಯಂ ತುಂಬಿತ್ತು. ಆ ಕಂಪನಿ ತಾನೇ ಅಲ್ಯೂಮಿನಿಯಂ ತಯಾರಿಸುತ್ತಿತ್ತು ಎಂಬುದೂ ಅದಕ್ಕೆ ಕಾರಣ.

ಎರಡನೇ ಮಹಾಯುದ್ಧದಲ್ಲಿ ಮಿಲಾನ್ ಬಾಂಬ್ ದಾಳಿಗೆ ತುತ್ತಾಯಿತು. 1943ರ ಆಗಸ್ಟ್‌ನ ದಾಳಿಗಳಲ್ಲಿ ಸಾವಿರಾರು ಮನೆಗಳು ನೆಲಸಮವಾದವು. ಯುದ್ಧ ಮುಗಿದಾಗ ಪೊಂಟಿಗೆ 53 ವರ್ಷ. ಬೇರೆಯವರು ನಿವೃತ್ತಿಯ ಯೋಚನೆ ಮಾಡುವ ವಯಸ್ಸು. ಅವರ ಅತ್ಯುತ್ತಮ ಕೆಲಸಗಳು ಶುರುವಾಗಿದ್ದೇ ಆಮೇಲೆ.

ಮತ್ತೆ ಹೊಳೆದ ಹಿತ್ತಾಳೆ

ಯುದ್ಧದ ನಂತರದ ಇಟಲಿಯಲ್ಲಿ ಹಣವಿರಲಿಲ್ಲ, ಕೈಕೆಲಸ ಬಲ್ಲವರಿದ್ದರು. ಮಿಲಾನ್ ಸುತ್ತಮುತ್ತ ಬಡಗಿಗಳು, ಎರಕದವರು, ಲೇತ್ ಯಂತ್ರದ ಮೇಲೆ ಲೋಹ ತಿರುವುವವರು, ಗಾಜಿನ ಕೆಲಸದವರು ಚಿಕ್ಕ ಚಿಕ್ಕ ಕಾರ್ಖಾನೆಗಳನ್ನು ನಡೆಸುತ್ತಿದ್ದರು. ಬ್ರೆಶಾ ಬಳಿಯ ಲುಮೆಜ್ಜಾನೆ ಕಣಿವೆ ಹಿತ್ತಾಳೆಯ ನಲ್ಲಿ, ಹಿಡಿ, ಪಾತ್ರೆಗಳಿಗೆ ಹೆಸರುವಾಸಿ. ವಿನ್ಯಾಸಕಾರರು ಕಾಗದದ ಮೇಲೆ ಗೆರೆ ಎಳೆದರೆ ಅದನ್ನು ಲೋಹಕ್ಕೆ ಇಳಿಸುವ ಕೈಗಳು ಹತ್ತಿರದಲ್ಲೇ ಸಿಗುತ್ತಿದ್ದವು.

ಹಿತ್ತಾಳೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಲೋಹ. ಎರಕ ಹೊಯ್ಯಬಹುದು, ಸಣ್ಣ ಕೊಳವೆಯಾಗಿ ಎಳೆಯಬಹುದು, ಬಗ್ಗಿಸಬಹುದು, ಕಡೆಯಬಹುದು. ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಹಾಗಾಗಿ ಮಳೆಯಲ್ಲಿ ನೆನೆದ ಛತ್ರಿ, ಕೋಟುಗಳನ್ನು ಇಡುವ ಜಾಗಕ್ಕೆ ಅದು ತಕ್ಕ ವಸ್ತು. ಮಂಜು ಮುಸುಕಿದ ಮಿಲಾನ್‌ನ ಚಳಿಗಾಲದಲ್ಲಿ, ಕತ್ತಲೆಯ ಹಾದಿಕೋಣೆಯಲ್ಲಿ, ಅದರ ಹಳದಿ ಹೊಳಪು ಸ್ವಲ್ಪ ಬೆಚ್ಚನೆಯ ಭಾವವನ್ನೂ ಕೊಡುತ್ತಿತ್ತು. ಪೊಂಟಿ ತಮ್ಮ ಮೇಜು, ಕುರ್ಚಿಗಳ ಕಾಲುಗಳನ್ನು ಕೆಳಕ್ಕೆ ಹೋದಂತೆ ಸಣ್ಣಗಾಗಿಸಿ, ತುದಿಗೆ ಹಿತ್ತಾಳೆಯ ಟೊಪ್ಪಿಗೆ ಹಾಕುತ್ತಿದ್ದರು. ನೆಲ ಒರೆಸುವಾಗ ಮರ ನೆನೆಯದಂತೆ ಅದು ಕಾಪಾಡುತ್ತಿತ್ತು. ನೋಡಲು ಪೀಠೋಪಕರಣ ಹಗುರಾಗಿಯೂ ಕಾಣುತ್ತಿತ್ತು.

ಬಾಗಿಲ ಹಿಡಿಗಳನ್ನೂ ಅವರು ಬಿಡಲಿಲ್ಲ. ಬೊರ್ಗೊಮಾನೆರೊ ಪಟ್ಟಣದಲ್ಲಿ 1911ರಿಂದ ಹಿಡಿಗಳನ್ನು ತಯಾರಿಸುತ್ತಿದ್ದ ಒಲಿವಾರಿ ಕಂಪನಿಗಾಗಿ 1954ರಲ್ಲಿ ಲಾಮಾ ಎಂಬ ಹಿಡಿಯನ್ನು ರೂಪಿಸಿದರು. ಲಾಮಾ ಎಂದರೆ ಅಲಗು. ಚಪ್ಪಟೆಯಾದ, ತುದಿಯತ್ತ ಚೂಪಾಗುವ, ಯಾವ ಅಲಂಕಾರವೂ ಇಲ್ಲದ ಹಿತ್ತಾಳೆಯ ತುಂಡು ಅದು. ಹಿಡಿದವರ ಅಂಗೈಗೆ ಮಾತ್ರ ಸರಿಯಾಗಿ ಕೂರುತ್ತದೆ.

ಛತ್ರಿ ಸ್ಟ್ಯಾಂಡ್‌ಗೂ ಚಿತ್ರ ಬರೆದ ಗೆಳೆಯ

ಪೊಂಟಿ ಒಬ್ಬರೇ ಬೆಳೆಯಲಿಲ್ಲ, ಜತೆಗಿದ್ದವರನ್ನೂ ಬೆಳೆಸಿದರು. ಅವರಲ್ಲಿ ಮುಖ್ಯವಾದ ಹೆಸರು ಪಿಯೆರೊ ಫೊರ್ನಾಸೆಟ್ಟಿ. 1913ರಲ್ಲಿ ಹುಟ್ಟಿದ ಫೊರ್ನಾಸೆಟ್ಟಿ, ಮಾತು ಕೇಳುವುದಿಲ್ಲವೆಂಬ ಕಾರಣಕ್ಕೆ ಮಿಲಾನ್‌ನ ಬ್ರೇರಾ ಕಲಾ ಅಕಾಡೆಮಿಯಿಂದ ಹೊರಹಾಕಿಸಿಕೊಂಡಿದ್ದ ಹುಡುಗ. ಅವರ ರೇಷ್ಮೆ ಕರವಸ್ತ್ರಗಳ ಮೇಲಿನ ಚಿತ್ರ ಪೊಂಟಿ ಕಣ್ಣಿಗೆ ಬಿತ್ತು. ಅಲ್ಲಿಂದ ಗೆಳೆತನ ಶುರು.

ಯುದ್ಧದ ನಂತರ ಇಬ್ಬರೂ ಸೇರಿ ಬೀರು, ಮೇಜು, ಗೋಡೆ, ಪರದೆ ಎಲ್ಲವನ್ನೂ ಚಿತ್ರಗಳಿಂದ ತುಂಬಿದರು. 1950ರಲ್ಲಿ ಸಾನ್‌ರೆಮೊ ಕ್ಯಾಸಿನೊ, 1951ರಲ್ಲಿ ಮಿಲಾನ್‌ನ ಲುಕಾನೊ ಮನೆ ಹೀಗೆ ಸಿಂಗಾರಗೊಂಡವು. ಪೊಂಟಿ ಆಕಾರ ಕೊಟ್ಟರೆ ಫೊರ್ನಾಸೆಟ್ಟಿ ಅದರ ಮೈಮೇಲೆ ಕಟ್ಟಡ, ಸೂರ್ಯ, ಇಸ್ಪೀಟು ಎಲೆಗಳನ್ನು ಬಿಡಿಸುತ್ತಿದ್ದರು. ಮುಂದೆ ಫೊರ್ನಾಸೆಟ್ಟಿ ತಮ್ಮದೇ ಕಾರ್ಯಾಗಾರದಲ್ಲಿ ತಯಾರಿಸಿದ, ಚಿತ್ರ ಮುದ್ರಿಸಿದ ಲೋಹದ ಛತ್ರಿ ಸ್ಟ್ಯಾಂಡ್‌ಗಳು ಜಗತ್ತಿನಾದ್ಯಂತ ಹೆಸರು ಮಾಡಿದವು. ಬಾಗಿಲ ಮೂಲೆಯಲ್ಲಿ ಯಾರೂ ತಿರುಗಿ ನೋಡದ ವಸ್ತುವೊಂದು ಮಾತಿಗೆ ವಿಷಯವಾಯಿತು.

ಆಂಡ್ರಿಯಾ ಡೋರಿಯಾ ಎಂಬ ಇಟಲಿಯ ಹೆಮ್ಮೆಯ ಹಡಗಿನ ಒಳಾಂಗಣದಲ್ಲೂ ಈ ಜೋಡಿಯ ಕೆಲಸವಿತ್ತು. 1956ರ ಜುಲೈನಲ್ಲಿ ಅಮೆರಿಕದ ಕರಾವಳಿಯ ಬಳಿ ಮತ್ತೊಂದು ಹಡಗಿಗೆ ಡಿಕ್ಕಿಯಾಗಿ ಅದು ಮುಳುಗಿತು. ಆ ಹಡಗಿನಲ್ಲಿದ್ದ 46 ಮಂದಿ ಪ್ರಾಣ ಕಳೆದುಕೊಂಡರು. ಗೋಡೆ ಗೋಡೆಗೂ ಬರೆದ ಚಿತ್ರಗಳು ಸಾಗರದ ತಳ ಸೇರಿದವು.

1.7 ಕಿಲೋ ಕುರ್ಚಿ, 127 ಮೀಟರ್ ಗೋಪುರ

ಪೊಂಟಿ ಕೆಲಸದ ಹರಹು ಬೆರಗು ಹುಟ್ಟಿಸುತ್ತದೆ. 1948ರಲ್ಲಿ ಲಾ ಪವೋನಿ ಕಂಪನಿಗೆ ಕಾಫಿ ಯಂತ್ರ. 1953ರಲ್ಲಿ ಐಡಿಯಲ್ ಸ್ಟ್ಯಾಂಡರ್ಡ್ ಕಂಪನಿಗೆ ಸ್ನಾನದ ಮನೆಯ ಬೇಸಿನ್ ಮತ್ತು ಕಮೋಡ್. ಜತೆಗೆ ಚಮಚ, ಫೋರ್ಕು, ನೆಲದ ಹೆಂಚು, ಬಟ್ಟೆ. 1936ರಿಂದ 1961ರವರೆಗೆ ಮಿಲಾನ್ ಪಾಲಿಟೆಕ್ನಿಕ್‌ನಲ್ಲಿ ಪಾಠವನ್ನೂ ಮಾಡಿದರು.

1957ರಲ್ಲಿ ಕಾಸಿನಾ ಕಂಪನಿಯಿಂದ ಹೊರಬಂದ ಸೂಪರ್‌ಲೆಜ್ಜೆರಾ ಕುರ್ಚಿ ಅವರ ಹಟಕ್ಕೆ ಸಾಕ್ಷಿ. ಕಿಯಾವರಿ ಊರಿನ ಬಡಗಿಗಳು ತಲೆಮಾರುಗಳಿಂದ ಮಾಡುತ್ತಿದ್ದ ಸಾದಾ ಕುರ್ಚಿಯನ್ನೇ ಅವರು ವರ್ಷಗಟ್ಟಲೆ ತಿದ್ದಿದರು. ಕಾಲುಗಳನ್ನು ತ್ರಿಕೋನಾಕಾರಕ್ಕೆ ಕೆತ್ತಿ ಮರವನ್ನು ಇಳಿಸುತ್ತಾ ಹೋದರು. ಕೊನೆಗೆ ತೂಕ 1.7 ಕಿಲೋಗೆ ಬಂತು. ಮಗುವೂ ಒಂದು ಬೆರಳಲ್ಲಿ ಎತ್ತಬಹುದಾದ ಕುರ್ಚಿ. ಗಟ್ಟಿತನ ಪರೀಕ್ಷಿಸಲು ಅದನ್ನು ಮಹಡಿಯ ಮೇಲಿಂದ ಎಸೆದರೂ ಮುರಿಯಲಿಲ್ಲ ಎಂಬ ಕತೆ ಇಂದಿಗೂ ಚಾಲ್ತಿಯಲ್ಲಿದೆ.

ಅದೇ ವರ್ಷಗಳಲ್ಲಿ ಮಿಲಾನ್ ರೈಲು ನಿಲ್ದಾಣದ ಎದುರು ಪಿರೆಲ್ಲಿ ಗೋಪುರ ಏಳುತ್ತಿತ್ತು. ಟೈರ್ ಕಂಪನಿಯ ಮೊದಲ ಕಾರ್ಖಾನೆ ಇದ್ದ ಜಾಗದಲ್ಲೇ 1956ರಿಂದ 1960ರ ನಡುವೆ ಕಟ್ಟಿದ ಈ ಕಟ್ಟಡದ ಎತ್ತರ 127 ಮೀಟರ್. ಕಾಂಕ್ರೀಟ್ ರಚನೆಯಲ್ಲಿ ಪಳಗಿದ ಎಂಜಿನಿಯರ್ ಪಿಯೆರ್ ಲುಯಿಜಿ ನೆರ್ವಿ ಜತೆಗಿದ್ದರು. ನ್ಯೂಯಾರ್ಕಿನ ಚೌಕಾಕಾರದ ಗೋಪುರಗಳಂತಲ್ಲದೆ, ಇದು ಎರಡೂ ಬದಿಗೆ ಮೊನಚಾಗುವ ತೆಳ್ಳನೆಯ ಆಕಾರದ್ದು. ನಗರದ ಮಹಾಚರ್ಚ್‌ನ ತುದಿಯಲ್ಲಿರುವ ಮೇರಿ ಮಾತೆಯ ವಿಗ್ರಹಕ್ಕಿಂತ ಎತ್ತರಕ್ಕೆ ಏನನ್ನೂ ಕಟ್ಟಬಾರದೆಂಬುದು ಮಿಲಾನ್ ಜನರ ಸಂಪ್ರದಾಯ. ಅದನ್ನು ಮೀರಿದ್ದಕ್ಕೆ ಪರಿಹಾರವಾಗಿ ಆ ವಿಗ್ರಹದ ಪುಟ್ಟ ಪ್ರತಿಯನ್ನು ಗೋಪುರದ ಮೇಲೆ ಇರಿಸಲಾಯಿತು. ಲಾಮಾ ಹಿಡಿ ಈ ಗೋಪುರದ ಬಾಗಿಲುಗಳಿಗೂ ಬಂತು.

2002ರ ಏಪ್ರಿಲ್ 18ರಂದು ಸಣ್ಣ ವಿಮಾನವೊಂದು ಈ ಗೋಪುರಕ್ಕೆ ಅಪ್ಪಳಿಸಿ ಮೂವರು ಮೃತಪಟ್ಟರು. ಕಟ್ಟಡ ನಿಂತೇ ಇತ್ತು. ದುರಸ್ತಿಯ ನಂತರ ಮತ್ತೆ ಬಳಕೆಗೆ ಬಂದು, ಇಂದು ಲೊಂಬಾರ್ಡಿ ಪ್ರಾಂತ್ಯದ ಶಾಸನಸಭೆಗೆ ನೆಲೆಯಾಗಿದೆ.

ಕರಾಕಸ್‌ನಿಂದ ಇಸ್ಲಾಮಾಬಾದ್‌ವರೆಗೆ

ಪೊಂಟಿಗೆ ಪೂರ್ತಿ ಸ್ವಾತಂತ್ರ್ಯ ಸಿಕ್ಕಿದ್ದು ದೂರದ ವೆನೆಜುವೆಲಾದಲ್ಲಿ. ರಾಜಧಾನಿ ಕರಾಕಸ್‌ನ ಗುಡ್ಡದ ಮೇಲೆ ಪ್ಲಾಂಚಾರ್ಟ್ ದಂಪತಿಗಾಗಿ 1953ರಿಂದ 1957ರ ನಡುವೆ ಅವರು ಕಟ್ಟಿದ ಮನೆಯಲ್ಲಿ ಚಾವಣಿಯಿಂದ ಊಟದ ತಟ್ಟೆಯವರೆಗೆ ಎಲ್ಲದರಲ್ಲೂ ಅವರ ಕೈ ಇದೆ. ಯಜಮಾನನಿಗೆ ಬೇಟೆಯ ಹವ್ಯಾಸ. ಪ್ರಾಣಿಗಳ ತಲೆಗಳು ಸದಾ ಕಣ್ಣಿಗೆ ಬೀಳದಂತೆ, ತಿರುಗುವ ಹಲಗೆಗಳ ಹಿಂದೆ ಅವನ್ನು ಅಡಗಿಸುವ ಉಪಾಯವನ್ನು ಪೊಂಟಿ ಹುಡುಕಿದರು.

ಸೊರೆಂಟೊದ ಸಮುದ್ರ ತೀರದಲ್ಲಿ 1960ರ ದಶಕದ ಆರಂಭದಲ್ಲಿ ಮುಗಿದ ಪಾರ್ಕೊ ದೇಯಿ ಪ್ರಿಂಚಿಪಿ ಹೋಟೆಲ್‌ಗೆ ನೀಲಿ, ಬಿಳಿ ಬಣ್ಣದ 30 ಬಗೆಯ ಹೆಂಚುಗಳನ್ನು ಬರೆದರು. ಅವನ್ನೇ ಬೇರೆ ಬೇರೆ ರೀತಿಯಲ್ಲಿ ಜೋಡಿಸಿ ಪ್ರತಿ ಕೋಣೆಗೂ ಬೇರೆ ನೆಲ ಕೊಟ್ಟರು. ನಮ್ಮ ನೆರೆಯ ಪಾಕಿಸ್ತಾನದಲ್ಲೂ ಅವರ ಕೆಲಸವಿದೆ. ಹೊಸ ರಾಜಧಾನಿ ಇಸ್ಲಾಮಾಬಾದ್ ಕಟ್ಟುವಾಗ ಸಚಿವಾಲಯದ ಕಟ್ಟಡಗಳನ್ನು ರೂಪಿಸಿದ್ದು ಇದೇ ಪೊಂಟಿ.

ಬೇಡಿಕೆ ಕುಗ್ಗಿದ ಮೇಲೂ ನಿಲ್ಲದ ಕೈ

ಇಷ್ಟಾದರೂ ಸ್ವಂತ ಊರಿನಲ್ಲಿ ಟೀಕೆ ತಪ್ಪಲಿಲ್ಲ. ಕಟ್ಟುನಿಟ್ಟಿನ ಆಧುನಿಕರಿಗೆ ಪೊಂಟಿ ಬರೀ ಅಲಂಕಾರದ ಮನುಷ್ಯನಾಗಿ ಕಂಡರು. 1960ರ ದಶಕ ಮುಗಿಯುವ ಹೊತ್ತಿಗೆ ಪ್ಲಾಸ್ಟಿಕ್ ಕುರ್ಚಿಗಳು ಮಾರುಕಟ್ಟೆ ತುಂಬಿದವು. ಹಿತ್ತಾಳೆ, ಚಿತ್ರ ಬರೆದ ಬೀರು, ಹೂದಾನಿ ಎಲ್ಲವೂ ಹಿಂದಿನ ತಲೆಮಾರಿನ ಸೊತ್ತಾಯಿತು. ಮುಂಬಾಗಿಲ ಹಿತ್ತಾಳೆ ಸ್ಟ್ಯಾಂಡ್‌ಗಳು ಅಟ್ಟ ಸೇರಿದವು, ಇಲ್ಲವೇ ಗುಜರಿಗೆ ಹೋದವು.

ಪೊಂಟಿ ಮಾತ್ರ ಕೆಲಸ ನಿಲ್ಲಿಸಲಿಲ್ಲ. 1970ರಲ್ಲಿ ದಕ್ಷಿಣ ಇಟಲಿಯ ತಾರಂತೊದಲ್ಲಿ ಅವರ ಮಹಾಚರ್ಚ್ ಸಿದ್ಧವಾಯಿತು. ಚರ್ಚ್‌ನ ಮೇಲೆ ಎದ್ದ ಗೋಡೆಯ ತುಂಬ ಕಿಂಡಿಗಳು. ಹಾಯಿ ಬಿಚ್ಚಿದ ಹಡಗಿನಂತೆ ಅದು ಆಕಾಶವನ್ನೇ ಒಳಗೆ ಬಿಟ್ಟುಕೊಳ್ಳುತ್ತದೆ. 1971ರಲ್ಲಿ ಅಮೆರಿಕದ ಡೆನ್ವರ್ ಕಲಾ ಸಂಗ್ರಹಾಲಯ ತೆರೆಯಿತು. 24 ಮುಖಗಳ ಆ ಕಟ್ಟಡದ ಮೈಗೆ ಹತ್ತು ಲಕ್ಷಕ್ಕೂ ಹೆಚ್ಚು ಗಾಜಿನ ಹೆಂಚುಗಳಿವೆ. ಆಗ ಪೊಂಟಿಗೆ 79 ವರ್ಷ.

1976ರಲ್ಲಿ ಅಳಿಯ ಮತ್ತು ಕಚೇರಿಯ ಪಾಲುದಾರ ಆಲ್ಬರ್ಟೊ ರೊಸೆಲ್ಲಿ ತೀರಿಕೊಂಡರು. ಮೂರು ವರ್ಷಗಳ ನಂತರ, 1979ರ ಸೆಪ್ಟೆಂಬರ್ 16ರಂದು ಪೊಂಟಿ ಮಿಲಾನ್‌ನ ದೆತ್ಸಾ ಬೀದಿಯ ತಮ್ಮ ಮನೆಯಲ್ಲಿ ಕಣ್ಣು ಮುಚ್ಚಿದರು. ಅದು ಅವರೇ 1957ರಲ್ಲಿ ಕಟ್ಟಿದ ಕಟ್ಟಡ. ಅಲ್ಲಿನ ಪ್ರತಿ ಕುಟುಂಬಕ್ಕೂ ತಮ್ಮ ಮಹಡಿಯ ಮುಂಭಾಗದ ಬಣ್ಣವನ್ನು ತಾವೇ ಆರಿಸಿಕೊಳ್ಳುವ ಅವಕಾಶ ಕೊಟ್ಟಿದ್ದರು.

ಕೊಳ್ಳುವವರು ತಿಳಿಯಬೇಕಾದ್ದು

ಸತ್ತ ಮೇಲೆ ಪೊಂಟಿ ಮತ್ತೆ ದೊಡ್ಡವರಾದರು. 2018ರಲ್ಲಿ ಪ್ಯಾರಿಸ್, 2019ರಲ್ಲಿ ರೋಮ್ ಅವರ ಬಗ್ಗೆ ದೊಡ್ಡ ಪ್ರದರ್ಶನಗಳನ್ನು ನಡೆಸಿದವು. ಇಟಲಿಯ ಮೊಲ್ಟೆನಿ ಕಂಪನಿ ಅವರ ಹಳೆಯ ಪೀಠೋಪಕರಣಗಳನ್ನು ಮತ್ತೆ ತಯಾರಿಸತೊಡಗಿತು. ಹರಾಜುಗಳಲ್ಲಿ ಮೂಲ ವಸ್ತುಗಳ ಬೆಲೆ ಗಗನಕ್ಕೇರಿತು. ಇದಕ್ಕೊಂದು ಕಹಿ ಮುಖವೂ ಇದೆ. ಒಂದು ಕೋಣೆಗೆಂದೇ ಒಟ್ಟಾಗಿ ರೂಪಿಸಿದ ಕುರ್ಚಿ, ಕನ್ನಡಿ, ಕೊಕ್ಕೆಗಳು ಬಿಡಿಬಿಡಿಯಾಗಿ ಮಾರಾಟವಾಗಿ ದೇಶಾಂತರ ಹೋದವು. ವಸ್ತು ಉಳಿಯಿತು, ಅದು ಸೇರಿದ್ದ ಮನೆ ಉಳಿಯಲಿಲ್ಲ.

ಬೆಲೆ ಏರಿದ ಕಡೆ ಗೊಂದಲವೂ ಏರುತ್ತದೆ. ಆ ಕಾಲದ ಹಿತ್ತಾಳೆ ಸ್ಟ್ಯಾಂಡ್‌ಗಳಲ್ಲಿ ಹೆಚ್ಚಿನವು ಹೆಸರು ಗೊತ್ತಿಲ್ಲದ ಕುಶಲಕರ್ಮಿಗಳ ಕೆಲಸ. ಪೊಂಟಿಯದು ಎನ್ನಬೇಕಾದರೆ ಕಾರ್ಖಾನೆಯ ಗುರುತು, ಹಳೆಯ ಕ್ಯಾಟಲಾಗ್, ಡೋಮಸ್ ಪುಟದ ಚಿತ್ರ, ಇಲ್ಲವೇ ಅವರ ದಾಖಲೆ ಸಂಗ್ರಹದ ಪತ್ರ ಬೇಕು. ಗಟ್ಟಿ ಹಿತ್ತಾಳೆಯೋ ಕಬ್ಬಿಣದ ಮೇಲಿನ ಲೇಪವೋ ಎಂದು ತಿಳಿಯಲು ಆಯಸ್ಕಾಂತ ಸಾಕು. ಅದು ಅಂಟಿದರೆ ಒಳಗಿರುವುದು ಕಬ್ಬಿಣ ಅಥವಾ ಉಕ್ಕು. ಇನ್ನೊಂದು ಮಾತು: ದೇವರ ದೀಪಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುವಂತೆ ಇವನ್ನು ತಿಕ್ಕಿದರೆ ಮೇಲಿನ ಹಳೆಯ ಮೆರುಗೆಣ್ಣೆಯೂ ದಶಕಗಳ ಕಂದು ಛಾಯೆಯೂ ಹೋಗುತ್ತದೆ. ಸಂಗ್ರಾಹಕರು ಬೆಲೆ ಕೊಡುವುದು ಆ ಛಾಯೆಗೇ.

ಹರಾಜಿನ ಬೆಲೆ ಕೇಳಿ ಹೌಹಾರುವವರಿಗೂ ಒಂದು ದಾರಿ ಉಳಿದಿದೆ. ಪಿರೆಲ್ಲಿ ಗೋಪುರದ ಬಾಗಿಲುಗಳಿಗೆ ಹಾಕಿದ ಲಾಮಾ ಹಿಡಿಯನ್ನು ಒಲಿವಾರಿ ಇಂದಿಗೂ ತಯಾರಿಸುತ್ತಿದೆ. ಅದು ಸಂಗ್ರಹಾಲಯದ ವಸ್ತುವಲ್ಲ, ಅಂಗಡಿಯಲ್ಲಿ ಸಿಗುವ ಸಾಮಾನು. ಪೊಂಟಿ ಬಯಸಿದ್ದು ಇಂಥದ್ದನ್ನೇ.